ದಮಾಮಿನಿಂದ ಶುಕ್ರವಾರದ ಮೇಲ್

ಮಿರಗದ ಮಳೆ ಆ ವರ್ಷ ಹೇಳಿದ ಹೊತ್ತಿಗೆ ಬಂದಿತ್ತು. ಎರಡು ಹದ ಮಳೆ ಬಿದ್ದದ್ದೇ ತಡ, ಎರಿಹೊಲದ ಒಕ್ಕಲು ಮಂದಿ ಅಟ್ಟದ ಮೇಲಿನ ಕೂರಿಗೆ ಇಳಿಸಿ ಹೆಸರು ಬಿತ್ತಲು ಸಜ್ಜಾಗಿದ್ದರು. ೨೦೦೬ರ ಜೂನ್ ೧೪, ಬುಧವಾರ. ಗಜೇಂದ್ರಗಡದ ಬೀಜದ ಅಂಗಡಿಯ ಮುಂದೆ ಬೆಳಗಿನಿಂದಲೇ ಪಾಳಿ ಹತ್ತಿತ್ತು. ಮನುಷ್ಯರಿಗಿಂತ ಚೀಲಗಳೇ ಹೆಚ್ಚು ನಿಂತಿದ್ದವು. ಚೀಲ ಇಟ್ಟವರು ಚಹಾ ಕುಡಿಯಲು ಹೋಗಿದ್ದರು.

"ಸಾಹೇಬ್ರ, ನನ್ನ ಚೀಲಾ ಮುಂದಿತ್ರಿ. ಹಿಂದಕ್ಕ ಸರಿಸ್ಯಾರ" ಎಂದು ಅಬ್ಬಿಗೇರಿಯ ಒಬ್ಬ ರೈತ ಕೂಗಾಡುತ್ತಿದ್ದ.

"ಪಾಳಿ ಹಚ್ಚಿದ್ದು ಚೀಲಾ. ಬೀಜಾನೂ ಚೀಲಕ್ಕ ಕೊಡ್ತಾರ, ನೀ ಯಾಕ ಒದರ್ತಿ?" ಎಂದು ಪಿಎಸ್‌ಐ ಹೂವಪ್ಪ ಅವನ ಚೀಲವನ್ನು ಮೊದಲಿನ ಜಾಗಕ್ಕೇ ತಂದಿಟ್ಟರು. ಅವರೂ ಒಕ್ಕಲುತನದ ಮನೆಯವರೇ. ಬಿತ್ತನೆಯ ದಿನ ಮನುಷ್ಯನ ತಲೆ ಎಷ್ಟು ಬಿಸಿ ಇರುತ್ತದೆಂದು ಬಲ್ಲವರು. ಲಾಠಿಯನ್ನು ದಾರಿ ತೋರಿಸಲು ಬಿಟ್ಟರೆ ಬೇರೆ ಯಾತಕ್ಕೂ ಎತ್ತಿರಲಿಲ್ಲ.

ಅಷ್ಟರಲ್ಲಿ ಮಹಿಳಾ ಪೇದೆ ನಿರ್ಮಲಾ ಲಗುಬಗೆಯಿಂದ ಬಂದಳು.

"ಸರ್, ಠಾಣೆಗೆ ಒಬ್ಬಾಕಿ ಬಂದಾಳ್ರಿ. ಬಗಲಾಗ ಕೂಸೈತಿ. ನಿಮ್ಮ ಮುಂದನ ಹೇಳ್ತೀನಿ ಅಂತ ಕುಂತಾಳ."

ಠಾಣೆಯ ಬೆಂಚಿನ ಮೇಲೆ ಇಪ್ಪತ್ತೆರಡು ಇಪ್ಪತ್ಮೂರರ ಹೆಣ್ಣುಮಗಳು ಕುಳಿತಿದ್ದಳು. ಕೈತುಂಬ ಹಸಿರು ಬಳೆ. ಮಡಿಲಲ್ಲಿ ಮೂರು ತಿಂಗಳ ಗಂಡು ಕೂಸು. ಪಕ್ಕದಲ್ಲಿ ಅವಳ ತಾಯಿ ಶರೀಫಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದಳು.

"ಹೆಸರು?"

"ಇಷ್ರತ ರೀ. ಗಂಡನ ಹೆಸರು ಜಾವೀದ. ಗಂಡನ ಮನಿ ಅಸೂಟಿ. ಬಾಣಂತನಕ್ಕ ಇಲ್ಲೇ ತವರಿಗೆ ಬಂದೇನಿ."

"ತಕರಾರು ಯಾರ ಮ್ಯಾಲ?"

"ನರಗುಂದದ ರಿಯಾಜನ ಮ್ಯಾಲ ರೀ. ನನ್ನ ಗಂಡನ ಜೋಡಿ ಸೌದಿಯ ದಮಾಮಿನ್ಯಾಗ ಕೆಲಸಾ ಮಾಡ್ತಿದ್ದ. ನಿನ್ನೆ ಮನಿಗೆ ಬಂದ. ನನ್ನ ಗಂಡನ ಕೈಗಡಿಯಾರ ನನ್ನ ಮುಂದಿಟ್ಟು, ಸಬರ್ ಮಾಡ್ರಿ ಭಾಭಿ, ಅಂವಾ ಹೋಗಿ ಐದು ತಿಂಗಳಾತು ಅಂದ. ಜೀವಂತ ಇರೋ ಮನಷ್ಯಾನ್ನ ಸತ್ತಾನ ಅಂತಾನ್ರಿ!"

"ಜೀವಂತ ಅದಾನ ಅಂತ ನೀ ಹ್ಯಾಂಗ ಹೇಳ್ತಿ?"

ಇಷ್ರತ ಕುಪ್ಪಸದೊಳಗಿಂದ ಒಂದು ಮುದ್ರಿತ ಹಾಳೆ ತೆಗೆದಳು. ಜೂನ್ ೯, ಶುಕ್ರವಾರ ಜಾವೀದನ ವಿಳಾಸದಿಂದ ಬಂದ ಇ-ಮೇಲ್. ಕನ್ನಡದ ಮಾತು, ಇಂಗ್ಲಿಷ್ ಅಕ್ಷರ.

"ವಾರಾ ವಾರಾ ಬರ್ತಾವ್ರಿ. ಶುಕ್ರವಾರ ಅಂವಾ ಹಾಕ್ತಾನ, ಶನಿವಾರ ನಾ ಬಸ್ ಸ್ಟ್ಯಾಂಡ್ ಮುಂದಿನ ಅಮರೇಶನ ಸೈಬರ್‌ದಾಗ ಓದ್ತೀನಿ."

"ಫೋನ್?"

"ಸಂಕ್ರಾಂತಿ ಆದಮ್ಯಾಲ ಇಲ್ರಿ. ಮರಳುಗಾಡಿನ ಕ್ಯಾಂಪಿಗೆ ಹಾಕ್ಯಾರಂತ. ಅಲ್ಲಿ ಫೋನ್ ಹತ್ತಂಗಿಲ್ಲಂತ. ಶುಕ್ರವಾರ ಸೂಟಿಗೆ ಊರಾಗ ಬಂದು ಬರೀತಾನ." ಅವಳು ಹಾಳೆಯ ಮೇಲೆ ಬೆರಳಿಟ್ಟಳು. "ಇಲ್ಲಿ ನೋಡ್ರಿ ಸಾಹೇಬ್ರ. ಕೆಂದೆತ್ತಿನ ಕಾಲಿಗೆ ಅರಿಷಿಣಾ ಹಚ್ಚತೇವಿ, ಮಾಯತೈತಿ, ಚಿಂತಿ ಮಾಡಬ್ಯಾಡ ಅಂತ ಬರದಾನ. ಎತ್ತಿಗೆ ಪೆಟ್ಟಾಗಿದ್ದು ನನಗ ಗೊತ್ತಿದ್ದಿಲ್ಲ. ಅಸೂಟಿ ಮಂದಿ ಸಂತಿಗೆ ಬಂದಾಗ ಕೇಳಿದೆ, ಖರೇನ ಆಗಿತ್ತು. ಸತ್ತಾಂವಗ ಎತ್ತಿನ ಕಾಲು ಹ್ಯಾಂಗ ತಿಳೀತು?"

ಹೂವಪ್ಪ ಆ ಸಾಲನ್ನು ಎರಡು ಸಲ ಓದಿದರು. 'ಹಚ್ಚತೇವಿ.' ಹಚ್ಚಿರಿ ಎಂದಲ್ಲ. ಹಾಳೆಯನ್ನು ಮಡಚಿ ಇಟ್ಟುಕೊಂಡರು.

ರಿಯಾಜನನ್ನು ಮಧ್ಯಾಹ್ನ ಕರೆಸಿ, ಇಷ್ರತಳನ್ನು ಹೊರಗೆ ಕೂಡಿಸಿ ಹೇಳಿಕೆ ಪಡೆದರು.

"ಸತ್ತದ್ದು ಯಾವಾಗ?"

"ಜನೆವರಿ ಹದಿನೇಳಕ್ಕ ರೀ. ಕಟ್ಟಡಕ್ಕ ಕಟ್ಟಿದ್ದ ಪರಾಂಚಿ ಮುರದು ಬಿದ್ದ. ಐದನೇ ಮಜಲಿ. ನಾ ಕೆಳಗ ಇದ್ದೆ."

"ಹೆಣಾ ಊರಿಗೆ ಯಾಕ ಬರಲಿಲ್ಲ?"

"ಮನಿಯವರ ಬ್ಯಾಡ ಅಂದ್ರಲ್ರಿ." ರಿಯಾಜ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಮಯ್ಯತ್ ಕಳಸಬೇಕೋ, ಇಲ್ಲೇ ದಫನ್ ಮಾಡಬೇಕೋ ಅಂತ ಕಂಪನಿಯವ್ರು ಹೆಂಡತಿ ಇ-ಮೇಲಿಗೆ ಕೇಳಿದ್ರು. ಅದರಿಂದನ ಉತ್ತರ ಬಂತು. ಅಲ್ಲೇ ಮಾಡ್ರಿ ಅಂತ. ಆಕಿ ಸಹಿ ಮಾಡಿದ ಕಾಗದಾನೂ ಜೋಡಿ ಬಂತು. ಈ ಕೈಲೆ ಮಣ್ಣ ಹಾಕೇನ್ರಿ ನಾ. ಅದಕ್ಕ ನಿನ್ನೆ ಆಕಿ ಚೀರಿದಾಗ ನನಗ ತಿಳೀಲಿಲ್ಲ. ಒಪ್ಪಿಗಿ ಕೊಟ್ಟಾಕಿನ ಹಿಂಗ್ಯಾಕ ಮಾಡ್ತಾಳ ಅಂತ."

ಹೂವಪ್ಪ ಅದನ್ನು ಬರೆದುಕೊಂಡರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವರು ಹೆಣ ಕದ್ದವರನ್ನು ನೋಡಿದ್ದರು, ಹೆಣದ ಮೈಮೇಲಿನ ಬಂಗಾರ ಕದ್ದವರನ್ನು ನೋಡಿದ್ದರು. ಹೆಂಡತಿಯ ಹೆಸರಿನಲ್ಲಿ ಗಂಡನನ್ನು ಮಣ್ಣು ಮಾಡಿಸಿದವರನ್ನು ನೋಡಿರಲಿಲ್ಲ.

ಈ ಮಾತನ್ನು ಸದ್ಯಕ್ಕೆ ಯಾರ ಮುಂದೆಯೂ ಆಡಬಾರದೆಂದು ರಿಯಾಜನಿಗೆ ತಾಕೀತು ಮಾಡಿದರು. ಇಷ್ರತಳಿಗೂ, ಶರೀಫಾಬಿಗೂ ಶುಕ್ರವಾರದವರೆಗೆ ಸುಮ್ಮನಿರಲು ಹೇಳಿದರು. ಬೇರೆಯವರ ಹೆಸರಿನಲ್ಲಿ ವಂಚನೆ, ಖೊಟ್ಟಿ ಸಹಿ ಎಂದು ಕಲಂ ೪೧೯, ೪೬೫, ೪೬೮ರ ಅಡಿ, ಅಪರಿಚಿತ ಆರೋಪಿಯ ಮೇಲೆ ಎಫ್‌ಐಆರ್ ದಾಖಲಾಯಿತು.

ಅಮರೇಶನ ಸೈಬರ್ ಕೆಫೆ ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯ ಮೇಲಿತ್ತು. ನಾಲ್ಕು ಕಂಪ್ಯೂಟರು, ನಡುವೆ ಪ್ಲೈವುಡ್ ಗೋಡೆ, ಮುಂದೆ ಪರದೆ. ಅಮರೇಶ ಬಿ.ಕಾಂ. ಮುಗಿಸಿದ ಮೂವತ್ತರ ಆಳು. ಪೊಲೀಸರನ್ನು ಕಂಡು ಎದ್ದು ನಿಂತು ಕುರ್ಚಿ ಒರೆಸಿದ.

"ಈ ಇ-ಮೇಲ್ ಯಾರದು?"

"ಇಷ್ರತ ಅಕ್ಕಾರ್ದು ರೀ."

"ತೆಗದು ಕೊಟ್ಟಾಂವ?"

"ನಾನ."

"ಪಾಸ್‌ವರ್ಡ್ ಆಕಿಗೆ ಗೊತ್ತೈತೇನು?"

"ಆಕಿ ಎಂದೂ ಕೇಳಿಲ್ರಿ. ಬರ್ತಾಳ, ನಾ ತೆಗದು ಕೊಡ್ತೀನಿ. ಓದ್ತಾಳ, ಬರೀತಾಳ, ಹೋಗ್ತಾಳ."

"ಗಂಡಂದು?"

"ಅದೂ ನಾನ ತೆಗದಿದ್ದು. ದಮಾಮಿಗೆ ಹೋಗೂ ಮುಂದ."

"ಅದರ ಪಾಸ್‌ವರ್ಡ್?"

ಅಮರೇಶ ತಲೆ ಕೆರೆದುಕೊಂಡ. "ಒಂದ ಐತ್ರಿ."

"ಒಂದ ಅಂದ್ರ?"

"ಎಲ್ಲಾರ್ದೂ ಒಂದ ರೀ ಸರ್. ಮೊದಲ ಒಬ್ಬೊಬ್ಬರಿಗೆ ಒಂದೊಂದು ಮಾಡಿ ಕೊಡ್ತಿದ್ದೆ. ಮಂದಿ ಮರತು ಬಂದು, ನನ್ನ ಮೇಲ್ ನೀನ ಕಳದಿ ಅಂತ ನನ್ನ ಕೂಡ ಜಗಳಾ ತಗೀತಿದ್ರು. ಬ್ಯಾಸರಾಗಿ ಎಲ್ಲಾರ್ಗೂ ಅಂಗಡಿ ಹೆಸರನ ಇಟ್ಟೆ. ಆವತ್ತಿಂದ ಯಾರ ತಕರಾರೂ ಇಲ್ಲ."

"ಎಷ್ಟು ಮಂದಿದು?"

"ಗಜೇಂದ್ರಗಡದಾಗ ಇ-ಮೇಲ್ ಇದ್ದವ್ರದೆಲ್ಲಾ ಅನ್ರಿ. ಸೀರಿ ಅಂಗಡಿಯವ್ರು, ವಕೀಲರು, ಸಾಲಿ ಮಾಸ್ತರರು..."

"ನಂದೂ ಇಲ್ಲೇ ತೆಗದಿದ್ದು" ಎಂದು ನಿರ್ಮಲಾ ಅಂದಳು. ಅಂದವಳೇ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಅಮರೇಶ ಹೂವಪ್ಪನವರ ಮುಖ ನೋಡಲಾರದೆ ಕೀಲಿಮಣೆ ನೋಡಿದ. "ಸರ್, ತಪ್ಪ ತಿಳೀಬ್ಯಾಡ್ರಿ. ಠಾಣೆದೂ ನಾನ ಮಾಡಿಕೊಟ್ಟೇನ್ರಿ. ನಿಮ್ಮಕಿಂತ ಮೊದಲಿನ ಸಾಹೇಬ್ರು ಇದ್ದಾಗ."

ಗದಗಿನ ಜಿಲ್ಲಾ ಕಚೇರಿಯಿಂದ ಗೌಪ್ಯ ಎಂದು ಬರುವ ಸುತ್ತೋಲೆಗಳೆಲ್ಲ ಹೂವಪ್ಪನವರ ಕಣ್ಣ ಮುಂದೆ ಹಾದುಹೋದವು. ಇಡೀ ಊರು ಒಂದೇ ಕೀಲಿಯನ್ನು ಈ ಹುಡುಗನ ಕಿಸೆಯಲ್ಲಿಟ್ಟು ನಿಶ್ಚಿಂತೆಯಿಂದ ಮಲಗಿತ್ತು. ಮನೆಗೆ ಬೀಗ ಹಾಕಿ ಕೀಲಿಯನ್ನು ಆಚೆಮನೆಯವರಿಗೆ ಕೊಟ್ಟು ಹೊಲಕ್ಕೆ ಹೋಗುವ ಮಂದಿ. ಅದೇ ರೂಢಿಯನ್ನು ಇಲ್ಲಿಗೂ ತಂದಿದ್ದರು.

"ಜಾವೀದನ ಮೇಲ್ ಇಲ್ಲೇ ಕುಂತು ಯಾರು ಬರೀತಾರ?"

"ಇಲ್ಲೇ ಅಂತ ಯಾರ ಹೇಳಿದ್ರಿ ಸರ್?"

"ಯಾರೂ ಹೇಳಿಲ್ಲ. ನೀ ಬೆವತೀದಿ."

ಅಮರೇಶ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ. "ಶುಕ್ರವಾರ ಜುಮ್ಮಾ ನಮಾಜ್ ಬಿಟ್ಟಮ್ಯಾಲ ಬರ್ರಿ ಸರ್" ಎಂದ. "ನನ್ನ ಬಾಯಿಂದ ಹೇಳಸಬ್ಯಾಡ್ರಿ. ನನಗ ಆಗಂಗಿಲ್ಲ."

ಅವನ ಅಂಗಡಿಗೆ ಒಬ್ಬ ಪೇದೆಯನ್ನು ಕಾವಲಿಟ್ಟರು. ಮರುದಿನ ಗುರುವಾರ ಹೂವಪ್ಪ ಸಾದಾ ಉಡುಪಿನಲ್ಲಿ ಅಸೂಟಿಗೆ ಹೋದರು. ಆ ಭಾಗದಲ್ಲಿ ಎತ್ತು ಕಳುವಾದ ಪ್ರಕರಣವೊಂದಿತ್ತು. ನೆಪಕ್ಕೆ ಅದು ಸಾಕಾಗಿತ್ತು.

ಜಾವೀದನ ತಂದೆ ಮೆಹಬೂಬಸುಭಾನಿ ಹೊಲದಲ್ಲಿದ್ದರು. ಹಿರಿಯ ಮಗ ಕೂರಿಗೆ ಹಿಡಿದಿದ್ದ. ಕೂರಿಗೆಗೆ ಒಂದು ಎತ್ತು ಮನೆಯದು, ಇನ್ನೊಂದು ಪಕ್ಕದ ಹೊಲದವರು ಮುಯ್ಯಿಗೆ ಕೊಟ್ಟದ್ದು. ಕೆಂದೆತ್ತು ಬೇವಿನ ಗಿಡದ ಕೆಳಗೆ ಮೂರು ಕಾಲಿನ ಮೇಲೆ ನಿಂತಿತ್ತು. ನಾಲ್ಕನೆಯ ಕಾಲಿಗೆ ಅರಿಷಿಣ ಮೆತ್ತಿದ ಬಟ್ಟೆ.

"ಇದಕ್ಕೇನಾತ್ರಿ, ಅಜ್ಜಾ?"

"ಹೋದ ಗುರುವಾರ ಸಂಜಿಮುಂದ ಕುಂಟಿ ಹೊಡೀವಾಗ ಅದರ ಕುಡಾ ಕಾಲಿಗೆ ಬಡೀತ್ರಿ. ಬಿತ್ತೂ ಹೊತ್ತಿನ್ಯಾಗ ನೋಡ್ರಿ, ಕೈ ಮುರದಂಗಾಗೇತಿ."

ಗುರುವಾರ ಸಂಜೆ ಪೆಟ್ಟು. ಶುಕ್ರವಾರ ಮಧ್ಯಾಹ್ನ ದಮಾಮಿನಿಂದ ಅರಿಷಿಣದ ಮಾತು.

"ಮಕ್ಕಳೆಷ್ಟು ಮಂದಿ?"

"ಇಬ್ಬರ್ರಿ. ಹಿರೇಂವ ಅಲ್ಲೇ ಕೂರಿಗಿ ಹಿಡದಾನ. ಸಣ್ಣಾಂವ ಸೌದಿಯೊಳಗ."

"ಆರಾಮ ಅದಾನ?"

ಮುದುಕರು ಬೊಗಸೆಯಲ್ಲಿದ್ದ ಹೆಸರು ಕಾಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಸುರಿದುಕೊಂಡರು.

"ಅಲ್ಲಾ ಇಟ್ಟಂಗ ಅದಾನ್ರಿ" ಎಂದರು. ಆಮೇಲೆ, "ಬಿಸಲಾಗ ಬಂದೀರಿ, ಮಜ್ಜಿಗಿ ಕುಡದು ಹೋಗ್ರಿ" ಎಂದು ಗಡಿಗೆಯ ಕಡೆ ನಡೆದರು.

ಹೂವಪ್ಪ ಮಜ್ಜಿಗೆ ಕುಡಿದು ಹೊರಟರು.

ಶುಕ್ರವಾರ, ಜೂನ್ ೧೬. ಮಧ್ಯಾಹ್ನ ಒಂದೂವರೆಯಿಂದಲೇ ಹೂವಪ್ಪ ಇಬ್ಬರು ಪಂಚರೊಂದಿಗೆ ಕೆಫೆಯ ಕೊನೆಯ ಪರದೆಯ ಹಿಂದೆ ಕುಳಿತರು. ಇಷ್ರತಳಿಗೆ ಬರಬೇಡ ಎಂದು ಹೇಳಿಯಾಗಿತ್ತು. ಕೂಸನ್ನು ತಾಯಿಯ ಕೈಗೆ ಕೊಟ್ಟು ಬಂದೇಬಿಟ್ಟಿದ್ದಳು.

"ನನ್ನ ಗಂಡನ ಹೆಸರಲೆ ಬರಿಯಾಂವ ಯಾಂವಾ ಅಂತ ನಾ ನೋಡಬಾರದೇನ್ರಿ?" ಎಂದಳು. ಹೂವಪ್ಪ ಅವಳನ್ನು ನಿರ್ಮಲಾಳ ಜೊತೆ ಪಕ್ಕದ ಪರದೆಯ ಹಿಂದೆ ಕೂಡಿಸಿದರು.

ಮಸೀದಿ ಬಿಟ್ಟ ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ಬಾಗಿಲ ಹೊರಗೆ ಯಾರೋ ಚಪ್ಪಲಿ ಬಿಟ್ಟರು. ಕುರ್ಚಿ ಎಳೆದ ಸದ್ದು.

"ತಗೀ ತಮ್ಮಾ. ಆಕಿ ಏನ ಬರದಾಳ, ಮೊದಲ ಓದು."

ಅಮರೇಶ ಓದಿದ. ಕೂಸು ಮಗ್ಗಲು ಹೊಳ್ಳುತ್ತದೆ. ನಕ್ಕರೆ ಥೇಟ್ ನಿಮ್ಮಂಗ. ಬಕ್ರೀದಿಗೆ ಸೂಟಿ ಕೊಡ್ತಾರೇನು ಕೇಳ್ರಿ. ಆಮೇಲೆ ಅವನು ಎರಡು ಸಾಲು ಬಿಟ್ಟು ಮುಂದಕ್ಕೆ ಜಿಗಿದ.

"ಬರೀ" ಎಂದರು ಬಂದವರು. ಗಂಟಲು ಸರಿಪಡಿಸಿಕೊಂಡರು. ಮುಂದೆ ಬಂದ ದನಿಯಲ್ಲಿ ಕೆಮ್ಮು ಇರಲಿಲ್ಲ, ಮುಪ್ಪು ಇರಲಿಲ್ಲ. "ಇಷ್ರತ, ನಾ ಆರಾಮ ಅದೀನಿ. ಇಲ್ಲಿ ಬಿಸಲು ಭಾಳ. ಕೂಸು ಮಗ್ಗಲಾ ಹೊಳ್ಳಿದ್ದು ಓದಿ ಜೀವ ತಂಪಾತು. ಬಕ್ರೀದಿಗೆ ಬರಾಕ ಆಗಂಗಿಲ್ಲ. ಊರಾಗ ಮಿರಗಾ ಚಲೋ ಆಗೇತಂತ. ಅಪ್ಪಾ ಹೆಸರು ಬಿತ್ಯಾನಂತ. ತವರು ಇನ್ನ ಸಾಕು. ಕೂಸಿನ್ನ ಕರಕೊಂಡು ಅಸೂಟಿಗೆ ಹೋಗು. ನನ್ನ ಮಗಾ ನನ್ನ ಮನ್ಯಾಗ..."

ಪರದೆ ಸರಿದ ಸದ್ದು. ಹೂವಪ್ಪ ಏಳುವುದರೊಳಗೆ ಇಷ್ರತ ಹೊರಗೆ ನಿಂತಿದ್ದಳು.

"ಮಾಮಾ" ಎಂದಳು.

ಮೆಹಬೂಬಸುಭಾನಿ ತಿರುಗಿದರು. ಬಾಯಿ ತೆರೆದಿತ್ತು, ಆಡುತ್ತಿದ್ದ ಮಾತು ಅಲ್ಲೇ ಉಳಿದಿತ್ತು. ಎರಡೂ ಕೈ ಎತ್ತಿ ಮುಖ ಮುಚ್ಚಿಕೊಂಡರು. ಮಗನ ಮುಖ ಮುಚ್ಚುವ ಹಾಗೆ.

ಇಷ್ರತ ಅಳಲಿಲ್ಲ. ಅವಳ ಮೊದಲ ಪ್ರಶ್ನೆ ಸಾವಿನದಾಗಿರಲಿಲ್ಲ.

"ನಾ ಬರದದ್ದೆಲ್ಲಾ ಕೇಳಿದ್ರೇನು?"

"ಇಲ್ಲಕ್ಕಾ" ಎಂದ ಅಮರೇಶ ಅವಸರದಿಂದ. "ನಿಮ್ಮಿಬ್ಬರ ಮಾತು ಬಿಟ್ಟು ಓದತಿದ್ದೆ."

ಆ ಮಾತು ಸಮಾಧಾನಕ್ಕೆ ಆಡಿದ್ದು. ಅದನ್ನು ಕೇಳಿದ ಮೇಲೆಯೇ ಇಷ್ರತ ಸೆರಗನ್ನು ಮೈತುಂಬ ಎಳೆದುಕೊಂಡಳು. ಬಿಟ್ಟು ಓದಬೇಕಾದರೆ ಮೊದಲು ಓದಿರಲೇಬೇಕಲ್ಲ. ಇಷ್ಟು ದಿನ ಅವಳು ಗಂಡನ ಕಿವಿಯಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡವನು ಈ ಹುಡುಗ.

ಹೂವಪ್ಪ ಮುಂದೆ ಬಂದರು. ಕೇಳಲೇಬೇಕಿತ್ತು.

"ಜನೆವರಿಯೊಳಗ ಕಂಪನಿಗೆ ಉತ್ತರಾ ಕೊಟ್ಟಾಂವ ಯಾರು?"

"ನಾನ ಹೇಳಿದ್ದು" ಎಂದರು ಮೆಹಬೂಬಸುಭಾನಿ, ಕೈ ತೆಗೆಯದೆ.

"ಸಹಿ?"

"ನಾ ಮಾಡಿದೆ ಸರ್" ಎಂದ ಅಮರೇಶ. "ಅಜ್ಜಾ ಕಾಲ ಹಿಡಕೊಂಡ್ರು. ನನಗ ತಿಳೀಲಿಲ್ಲ."

"ಏನ ಉತ್ತರಾ?" ಇಷ್ರತ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಸಾಹೇಬ್ರ, ಏನ ಉತ್ತರಾ?"

ಹೂವಪ್ಪ ಹೇಳಿದರು. ಮೆಲ್ಲಗೆ, ಒಂದೂ ಮಾತು ಮುಚ್ಚಿಡದೆ.

ಅವಳು ಕಂಪ್ಯೂಟರಿನ ಕಡೆ ನೋಡಿದಳು. "ಅಂದ್ರ ಅಲ್ಲಿ, ಅಂವನ್ನ ಅಲ್ಲೇ ಹೂಳ್ರಿ ಅಂತ ನಾನ ಅಂದೇನಂತ ಬರದೈತೇನ್ರಿ? ನನ್ನ ಹೆಸರಲೆ?"

ಪಂಚರಲ್ಲಿ ಒಬ್ಬ ಎದ್ದು ಹೊರಗೆ ಹೋದ. ಅವನನ್ನು ಮತ್ತೆ ಒಳಗೆ ಕರೆಯಲು ನಿರ್ಮಲಾಳೇ ಹೋಗಬೇಕಾಯಿತು.

ಪಂಚನಾಮೆ ಬರೆದು, ಕಂಪ್ಯೂಟರ್ ಜಪ್ತಿ ಮಾಡಿ, ಸಂಜೆ ನಾಲ್ಕರ ಹೊತ್ತಿಗೆ ಇಬ್ಬರನ್ನೂ ದಸ್ತಗಿರಿ ಮಾಡಿದರು. ಜೀಪು ಹತ್ತುವಾಗ ಮೆಹಬೂಬಸುಭಾನಿ ಒಂದೇ ಮಾತು ಕೇಳಿದರು.

"ಮುಯ್ಯಿ ಎತ್ತು ನಾಳೆ ಹೊಳ್ಳಿ ಕೊಡಬೇಕ್ರಿ. ಹಿರೇಂವಗ ಹೇಳಿ ಕಳಸ್ತೀರೇನು?"

ಹೂವಪ್ಪ ಹೇಳಿ ಕಳಿಸಿದರು.

ಠಾಣೆಯಲ್ಲಿ ಮುದುಕರು ಏನನ್ನೂ ಮರೆಮಾಚಲಿಲ್ಲ. ಸುದ್ದಿ ಬಂದಾಗ ಸೊಸೆಗೆ ಏಳು ತಿಂಗಳು. ಅದಕ್ಕೂ ಮೊದಲಿನ ಬಸಿರು ಇಳಿದುಹೋಗಿತ್ತು. ಈ ಸಲ ಹಾಸಿಗೆ ಬಿಟ್ಟು ಏಳಬಾರದೆಂದು ಗದಗಿನ ದವಾಖಾನೆಯಲ್ಲಿ ಹೇಳಿದ್ದರು. ಅವಳಿಗೆ ಬಂದ ಇ-ಮೇಲನ್ನು ಆಗ ಇವರೇ ಮುದ್ರಿಸಿ ಒಯ್ದುಕೊಡುತ್ತಿದ್ದರು. ಹಾಗೆ ಹೋದ ಒಂದು ಶುಕ್ರವಾರ ಅಮರೇಶ ಕಂಪನಿಯ ಮೇಲ್ ಓದಿ ಹೇಳಿದ. ಮಯ್ಯತ್ ತರಿಸಿದರೆ ಅವಳಿಗೆ ತಿಳಿಯದೆ ಇರುವುದಿಲ್ಲ.

"ಒಂದು ಜೀವಾ ದಮಾಮಿನ್ಯಾಗ ಹೋಗಿತ್ರಿ. ಇನ್ನೊಂದು ಹೊಟ್ಟ್ಯಾಗಿತ್ತು. ಎರಡೂ ಹ್ಯಾಂಗ ಕಳಕೊಳ್ಳಿ?"

"ಮಾರ್ಚಿನ್ಯಾಗ ಹಡದಳಲ್ಲಾ. ಆಮ್ಯಾಲ ಯಾಕ ಹೇಳಲಿಲ್ಲ?"

ಮುದುಕರು ತಮ್ಮ ಅಂಗೈ ನೋಡಿಕೊಂಡರು. ಬೀಜಕ್ಕೆ ಹಚ್ಚಿದ ಔಷಧದ ಬಣ್ಣ ಗೆರೆಗಳಲ್ಲಿ ಉಳಿದಿತ್ತು.

"ಹೇಳಿದ್ರ ಆಕಿ ಗಂಡ ಸತ್ತಾಕಿ ಆಕ್ಕಿದ್ಲ್ರಿ. ಸಣ್ಣ ವಯಸ್ಸು. ತವರವ್ರು ಇನ್ನೊಂದು ನಿಕಾ ಮಾಡ್ತಿದ್ರು. ಮಾಡಬೇಕಾದ್ದ, ಅದು ತಪ್ಪಲ್ಲ. ಆದ್ರ ಕೂಸು ಆಕಿ ಜೋಡಿ ಹೋಗತಿತ್ತು. ಮಗಾ ಬರಿಯೂತನಾ ಆಕಿ ನನ್ನ ಸೊಸಿ, ಕೂಸು ನನ್ನ ಮನೀದು." ದನಿ ಇನ್ನೂ ಇಳಿಯಿತು. "ಮತ್ತೂ ಒಂದೈತಿ ಸಾಹೇಬ್ರ. ಬರಸೂ ಮುಂದ ಅಂವಾ ಏನಂತಿದ್ದ, ಹ್ಯಾಂಗಂತಿದ್ದ ಅಂತ ನೆನಸಬೇಕಾಗತಿತ್ತು. ಅಟ ಹೊತ್ತು ಅಂವಾ ಇದ್ದಂಗ ಆಗತಿತ್ರಿ. ಶುಕ್ರವಾರ ಬಂದ್ರ ನನ್ನ ಮಗಾ ಮಾತಾಡತಿದ್ದ."

ಹೂವಪ್ಪ ಅದನ್ನೂ ಹೇಳಿಕೆಯಲ್ಲಿ ಬರೆದರು. ಕಲಮಿಗೆ ಅದು ಬೇಕಿರಲಿಲ್ಲ.

ಜುಲೈ ಮೊದಲ ವಾರ ಬೆಂಗಳೂರಿನ ಸೈಬರ್ ಪೊಲೀಸರ ವರದಿ ಬಂತು. ಜನವರಿಯ ನಂತರ ಜಾವೀದನ ಹೆಸರಿನ ಇ-ಮೇಲ್‌ಗಳೆಲ್ಲವೂ ಗಜೇಂದ್ರಗಡದ ಆ ಕೆಫೆಯ ಒಂದೇ ಇಂಟರ್ನೆಟ್ ತಂತಿಯಿಂದ ಹೋಗಿದ್ದವು. ವರದಿ ಬಂದ ದಿನ ಇಷ್ರತಳನ್ನು ಠಾಣೆಗೆ ಕರೆಸಿದರು. ಬಳೆ ತೆಗೆದ ಕೈ ಸಣ್ಣದಾಗಿ ಕಾಣುತ್ತಿತ್ತು. ಜೊತೆಗೆ ಬಂದ ಶರೀಫಾಬಿ ಬೆಂಚಿನ ಮೇಲೆ ಕುಳಿತು ನಿರ್ಮಲಾಳ ಮುಂದೆ ಹೇಳಿಕೊಂಡಳು: "ಬಸರಿ ಹೆಂಗಸಿಗೆ ಗಂಡ ಸತ್ರ, ಹಡದ ದಿನಕ್ಕ ಇದ್ದತ್ ಮುಗೀತೈತೆವ್ವಾ. ಗಂಡ ಸತ್ತಾಕಿ ಮೂಲ್ಯಾಗ ಕುಂತು ದುಃಖ ಮಾಡೂ ದಿನಾ ಅವು. ನನ್ನ ಮಗಳು ಆ ದಿನಾನೆಲ್ಲಾ ಹಸರ ಬಳಿ ಇಟಗೊಂಡು, ನಕ್ಕೋತ ಕಳದಾಳ."

ಠಾಣೆಯ ಕಂಪ್ಯೂಟರಿನಲ್ಲಿ ಹೂವಪ್ಪ ಇಷ್ರತಳ ವಿಳಾಸ ತೆರೆದರು. ಠಾಣೆಯ ಪಾಸ್‌ವರ್ಡನ್ನು ಅವರು ಹದಿನಾಲ್ಕನೇ ತಾರೀಖು ಸಂಜೆಯೇ ಬದಲಿಸಿದ್ದರು.

"ಪುರಾವೆಗೆ ಬೇಕಾದ್ದೆಲ್ಲಾ ನಕಲು ತಗೊಂಡೇವಿ. ಇನ್ನ ಇದು ನಿಂದು. ಹೊಸಾ ಪಾಸ್‌ವರ್ಡ್ ಹಾಕು. ನಮಗೂ ಹೇಳಬ್ಯಾಡ."

ಅವರು ಗೋಡೆಯ ಕಡೆ ತಿರುಗಿ ನಿಂತರು. ನಿರ್ಮಲಾಳೂ ತಿರುಗಿದಳು. ಕೀಲಿಮಣೆಯ ಸದ್ದು ಒಂದೊಂದಾಗಿ, ಹುಡುಕಿ ಹುಡುಕಿ ಒತ್ತಿದಂತೆ ಬಂತು. ನಿಂತಿತು. ಮತ್ತೆ ಮೊದಲಿನಿಂದ ಬಂತು.

"ಆತ್ರಿ" ಎಂದಳು.

ಶರೀಫಾಬಿ ಬಾಗಿಲಲ್ಲಿ ನಿಂತಿದ್ದಳು. "ಸಾಹೇಬ್ರ, ನೀವರ ಹೇಳ್ರಿ ಈಕಿಗೆ. ಮೆಹರ್ ಮಾಫ್ ಮಾಡು ಅಂತ ಜಮಾತಿನ ಹಿರ್ಯಾರು ಹೇಳಾಕ ಹತ್ಯಾರ. ನಿಕಾದಾಗ ಗಂಡ ಹೆಂಡತಿಗೆ ಕೊಡ್ತೀನಿ ಅಂದದ್ದು ಬಾಕಿ ಉಳದ್ರ ಸತ್ತಾಂವಗ ಭಾರ ಅಂತ. ಬೀಗರು ಜೇಲಿನಿಂದ ಹೇಳಿ ಕಳಸ್ಯಾರ, ಹೊಲದಾಗಿನ ಪಾಲು ಮಾರಿ ಕೊಡ್ತೀನಿ ಅಂತ. ಅದನ್ನೂ ಒಲ್ಲೆ ಅಂತಾಳ."

ಇಷ್ರತ ಕೂಸನ್ನು ಹೆಗಲಿಗೆ ಹಾಕಿಕೊಂಡಳು.

"ಮಾಫ್ ಮಾಡೂದು ಮಯ್ಯತ್ತಿನ ಮುಂದ ನಿಂತು, ಮುಖಾ ನೋಡಿ. ನನಗ ಯಾರು ತೋರಿಸಿದ್ರು?" ಎಂದಳು. "ಮಾಮಾ ಕೊಡೂದೂ ಬ್ಯಾಡ. ಅಂವನ ಹೆಸರಲೆ ಅವರು ಮಾಡಿದ್ದು ಸಾಕಾಗೇತಿ. ಇರ್ಲಿ ಬಾಕಿ. ಅಂವಗೂ ನನಗೂ ಅಂತ ಉಳದದ್ದು ಅದೊಂದ."

ಹೊರಗೆ ಹನಿ ಶುರುವಾಗಿತ್ತು. ಅವಳು ಸೆರಗನ್ನು ಕೂಸಿನ ತಲೆಯ ಮೇಲೆ ಎಳೆದುಕೊಂಡು ಮೆಟ್ಟಿಲಿಳಿದಳು.